ತೆರೆಯದ ಬಾಯಿ

ಘಟಪ್ರಭಾ ರೈಲು ನಿಲ್ದಾಣದಿಂದ ಬಡಗಣಕ್ಕೆ ಹೊರಟರೆ ಮಿರಜ, ತೆಂಕಣಕ್ಕೆ ಹೊರಟರೆ ಬೆಳಗಾವಿ, ಅಲ್ಲಿಂದ ಮುಂದೆ ಹುಬ್ಬಳ್ಳಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ನಾಲಗೆಯ ಅಂಚಿನಲ್ಲಿಯೋ ಕೆನ್ನೆಯ ಒಳಮೈಯಲ್ಲಿಯೋ ಧ್ವನಿಪೆಟ್ಟಿಗೆಯಲ್ಲಿಯೋ ಅರ್ಬುದವು, ಎಂದರೆ ಕ್ಯಾನ್ಸರು, ತಲೆದೋರಿದ ಮನುಷ್ಯನು, ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ, ಈ ದಿಕ್ಕುಗಳಲ್ಲೊಂದನ್ನು ಹಿಡಿಯಲೇಬೇಕಾಗುತ್ತದೆ. ಆ ಊರುಗಳಲ್ಲಿ ಅವನಿಗೆ ದೊರೆಯುವ ಶಸ್ತ್ರಕ್ರಿಯೆ, ವಿಕಿರಣ, ಔಷಧಗಳ ಗುಣವನ್ನು ಕುರಿತು ಹೇಳತಕ್ಕುದು ಉಂಟು, ಹೇಳುತ್ತೇನೆ. ಆದರೆ ಈ ಚಿಕಿತ್ಸಾಪದ್ಧತಿಯನ್ನು ಸಮಗ್ರವಾಗಿ ತೂಗಿ ನೋಡಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ, ಹುಣ್ಣು ಕಾಣಿಸಿಕೊಂಡ ಎಷ್ಟನೆಯ ತಿಂಗಳಿಗೆ ಆ ಮನುಷ್ಯನು ಮನೆ ಬಿಟ್ಟು ಹೊರಟನು ಎಂಬುದು. ಹೊಟ್ಟೆಯ ಅಥವಾ ಶ್ವಾಸಕೋಶದ ಅರ್ಬುದದಂತೆ ಬಾಯಿಯ ಅರ್ಬುದವು ದೇಹದ ಗುಹೆಯಲ್ಲಿ ಅವಿತು ಬೆಳೆಯುವುದಿಲ್ಲ. ಒಂದು ಬ್ಯಾಟರಿಯ ಬೆಳಕಿನಲ್ಲಿ ಅದನ್ನು ಬರಿಗಣ್ಣಿನಿಂದ ನೋಡಬಹುದು, ಬೆರಳಿನಿಂದ ಮುಟ್ಟಬಹುದು. ಹೀಗಿದ್ದೂ ನಮ್ಮ ದೇಶದಲ್ಲಿ ಬಹುಪಾಲು ರೋಗಿಗಳು ಆಸ್ಪತ್ರೆಯನ್ನು ಸೇರುವುದು ರೋಗ ಬಲಿತ ಮೇಲೆ. ಈ ಪದ್ಧತಿಯ ಮುಖ್ಯ ದೋಷವನ್ನು ಇಲ್ಲಿಯೇ ಅರಸಬೇಕೆಂದು ನನ್ನ ಅಭಿಪ್ರಾಯ.

ರೋಗದ ಬೇರು ಈ ನೆಲದಲ್ಲಿಯೇ ಇದೆ. ಹುಕ್ಕೇರಿಗೆ ಸಮೀಪದ ನಿಪ್ಪಾಣಿಯು ತಂಬಾಕಿನ ಪೇಟೆಯೆಂದೇ ದೇಶದಲ್ಲಿ ಹೆಸರಾದ ಊರು. ಗಂಡಸರು ಎಲೆಯಡಿಕೆಯೊಡನೆಯೋ ಬರಿಯ ಸುಣ್ಣದೊಡನೆಯೋ ತಂಬಾಕನ್ನು ತಿಕ್ಕಿ ಕೆನ್ನೆಗೂ ವಸಡಿಗೂ ನಡುವಣ ಸಂದಿನಲ್ಲಿ ಇರಿಸಿಕೊಳ್ಳುತ್ತಾರೆ. ಹೆಂಗಸರಲ್ಲಿ ಹಲವರು ಹುರಿದು ಪುಡಿ ಮಾಡಿದ ತಂಬಾಕಿನ ಮಿಶ್ರಿಯನ್ನು ಹಲ್ಲಿಗೆ ಹಚ್ಚಿ ಬಹಳ ಹೊತ್ತು ಹಾಗೆಯೇ ಬಿಡುತ್ತಾರೆ. ತಂಬಾಕು ಎಲ್ಲಿ ತಂಗುತ್ತದೆಯೋ ಅಲ್ಲಿಯೇ ಅರ್ಬುದವು ಹುಟ್ಟುವುದು ಈ ರೋಗದ ಕ್ರೂರವಾದ ನಿಯಮ. ರಾಜ್ಯದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು; ಒಡನೆಯೇ ಅಡಿಕೆಯ ಪಾನ್ ಮಸಾಲೆಯೂ ತಂಬಾಕಿನ ಪುಡಿಯೂ ಬೇರೆಬೇರೆ ಚೀಟುಗಳಲ್ಲಿ ಅಕ್ಕಪಕ್ಕ ತೂಗಾಡತೊಡಗಿದವು, ಕೊಂಡವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡನು. ತಂಬಾಕಿಲ್ಲದ ಬರಿಯ ಅಡಿಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಮದುವೆ ಮುಂಜಿಗಳಲ್ಲಿ ಅಡಿಕೆಯನ್ನು ಮಂಗಳದ್ರವ್ಯವೆಂದು ಹಿಡಿದು ಬಂದ ನಮಗೆ ಇದು ಒಪ್ಪಲು ಕಠಿನವಾದ ಮಾತು; ಆದರೂ ಒಪ್ಪಲೇಬೇಕಾದ ಮಾತು.

ಅರ್ಬುದಕ್ಕೆ ಮುನ್ನ ಬರುವ ಸೂಚನೆಯೊಂದನ್ನು ಈ ಸೀಮೆಯವರಷ್ಟು ಸುಲಭವಾಗಿ ಗುರುತಿಸಬಲ್ಲವರು ಮತ್ತಾರೂ ಇರಲಾರರು. ಜೋಳದ ರೊಟ್ಟಿಗೆ ಶೇಂಗಾ ಹಿಂಡಿಯನ್ನೂ ಕೆಂಪು ಮೆಣಸಿನಕಾಯಿಯ ರಂಜಕವನ್ನೂ ಹಚ್ಚಿಕೊಂಡು ಹುಟ್ಟಿದಂದಿನಿಂದ ಉಂಡವನು, ಇದ್ದಕ್ಕಿದ್ದಂತೆ ಖಾರ ತಾಳದೆಂದು ಮೊಸರಿಗೆ ಕೈ ನೀಡುತ್ತಾನೆ. ಅಡಿಕೆಯ ದೆಸೆಯಿಂದ ಬಾಯಿಯ ಒಳಪೊರೆಯ ಕೆಳಗೆ ನಾರು ಕಟ್ಟಿ ಕೆನ್ನೆಯು ಬಿಗಿಯುತ್ತ ಹೋಗುವ ವ್ಯಾಧಿಯ ಮೊದಲ ಲಕ್ಷಣವೇ ಈ ಉರಿ. ಮುಂಬಯಿಯ ಡಾ. ಎಸ್. ಜಿ. ಜೋಶಿಯವರು 1953ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದರು. ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ; ಆರೋಗ್ಯವಂತನ ಬಾಯಿಯಲ್ಲಿ ನೆಟ್ಟಗೆ ಹಿಡಿದ ಮೂರು ಬೆರಳು ಹಿಡಿಸಿದರೆ, ಇವನಲ್ಲಿ ಎರಡು, ಆಮೇಲೆ ಒಂದು. ಈ ವ್ಯಾಧಿಯೂ, ಒರಸಿದರೂ ಹೋಗದ ಬಿಳಿಯ ಮಚ್ಚೆಯೂ, ಅದಕ್ಕಿಂತ ಅಪಾಯಕರವಾದ ಕೆಂಪು ಮಚ್ಚೆಯೂ ಅರ್ಬುದದ ಹೊಸ್ತಿಲುಗಳು. ಮನೆಯವರು ಖಾರ ತಾಳದ ಉರಿಯನ್ನು ಕಂಡು ನಾಲಗೆಯ ರುಚಿ ಕೆಟ್ಟಿತೆಂದು ತಿಳಿಯುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಮನೆಯವರು ತಪ್ಪಿದರೆ ಕ್ಷಮಿಸಬಹುದು. ಮೊದಲು ಕಂಡ ವೈದ್ಯನು ತಪ್ಪಿದರೆ? ಹುಣ್ಣಿಗೆ ಬಿ ಕಾಂಪ್ಲೆಕ್ಸ್ ಗುಳಿಗೆಯನ್ನೂ ಹಚ್ಚುವ ಮುಲಾಮನ್ನೂ ತಿಂಗಳುಗಟ್ಟಲೆ ಬರೆಯುವುದು ಒಂದು ತಪ್ಪು. ಅರ್ಬುದದಿಂದಲೇ ಸಡಿಲವಾದ ಹಲ್ಲನ್ನು, ಅದರ ಸುತ್ತಣ ವಸಡನ್ನು ದೃಷ್ಟಿಸದೆ ಕಿತ್ತುಹಾಕಿ, ಮಾಯದ ಗಾಯವನ್ನು ಕಂಡ ಮೇಲೆ ಬೆರಗಾಗುವುದು ಇನ್ನೊಂದು. ಕೊರಳಿನ ಗಂಟನ್ನು ಕಂಡವನು ಬಾಯಿ ಗಂಟಲುಗಳನ್ನು ಶೋಧಿಸದೆ, ಸೂಜಿಯಿಂದ ರಸ ತೆಗೆದು ಪರೀಕ್ಷಿಸುವ ಸರಳೋಪಾಯವನ್ನೂ ಬಿಟ್ಟು, ಗಂಟನ್ನೇ ಕೊಯ್ದು ಮುಂದಿನ ಶಸ್ತ್ರವೈದ್ಯನ ದಾರಿಯನ್ನು ಕೆಡಿಸುವುದು ಮೂರನೆಯದು. ಇವು ಮೂರೂ ಅಜ್ಞಾನಕ್ಕಿಂತ ಹೆಚ್ಚಾಗಿ ಅವಸರದಿಂದ ಆಗತಕ್ಕವು, ಮತ್ತು ಇವು ಮೂರನ್ನೂ ತಡೆಯಲು ಬೇಕಾದ ಸಾಮಗ್ರಿ ಒಂದು ದೀಪ, ಒಂದು ಕೈಗವಸು, ಎರಡು ನಿಮಿಷ. ಪರೀಕ್ಷೆಗೆಂದು ಹುಣ್ಣಿನ ಚೂರು ತೆಗೆದರೆ ರೋಗ ಮೈಯೆಲ್ಲ ಹಬ್ಬುತ್ತದೆಂಬ ಭೀತಿ ಜನರಲ್ಲಿ ಇನ್ನೂ ಇದೆ. ಚೂರು ತೆಗೆಯದೆ ಅರ್ಬುದದ ನಿಶ್ಚಯವಿಲ್ಲ, ತೆಗೆದುದರಿಂದ ರೋಗ ಹಬ್ಬಿತೆಂಬುದಕ್ಕೆ ಆಧಾರವಿಲ್ಲ. ನಿಶ್ಚಯವಾದ ಮೇಲೆ ಸಿಟಿ, ಎಂಆರ್‌ಐ ಚಿತ್ರಗಳಿಂದ ರೋಗದ ಹರವನ್ನು ಅಳೆದು ಹಂತವನ್ನು ನಿರ್ಧರಿಸುವರು.

ಇನ್ನು ಶಸ್ತ್ರಕ್ರಿಯೆ. ಬಾಯಿಯ ಅರ್ಬುದಕ್ಕೆ ಮೊದಲ ಮದ್ದು ಶಸ್ತ್ರವೇ ಎಂಬುದರಲ್ಲಿ ವಿವಾದವಿಲ್ಲ. ಗಡ್ಡೆ ಚಿಕ್ಕದಿದ್ದು ಕೊರಳಿನಲ್ಲಿ ಗಂಟು ಕಾಣದಿದ್ದಾಗ, ಅಲ್ಲಿಯ ದುಗ್ಧಗ್ರಂಥಿಗಳನ್ನು ಮುಂಚಿತವಾಗಿಯೇ ತೆಗೆಯಬೇಕೆ, ಅಥವಾ ಗಂಟು ಕಾಣಿಸಿಕೊಂಡಾಗ ತೆಗೆದರೆ ಸಾಕೆ ಎಂಬ ಬಹುಕಾಲದ ವಿವಾದಕ್ಕೆ ಉತ್ತರ ಕೊಟ್ಟದ್ದು ನಮ್ಮ ದೇಶದ ಆಸ್ಪತ್ರೆಯೇ ಎಂಬುದು ಅಭಿಮಾನದ ಸಂಗತಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಚಿತವಾಗಿ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ತರುವಾಯ ನೂರಕ್ಕೆ 80 ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ 67.5. ಈ ಫಲಿತಾಂಶದ ಬೆಲೆ ನಮ್ಮ ಸೀಮೆಗೆ ಇಮ್ಮಡಿಯೆಂದು ನಾನು ಭಾವಿಸುತ್ತೇನೆ. ಕಾದು ನೋಡುವ ಕ್ರಮವು ಪದೇ ಪದೇ ತಪಾಸಣೆಗೆ ಬರಬಲ್ಲ ನಗರವಾಸಿಗೆ ಒಪ್ಪೀತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಗ್ಯಾಂಗಿನೊಡನೆ ಊರು ಬಿಡುವ ಮೂಡಲಗಿಯ ಕೂಲಿಕಾರನು ಕರೆದ ತಿಂಗಳಿಗೆ ಬಾರದಿದ್ದರೆ ಕಾಯುವವರು ಯಾರು, ನೋಡುವವರು ಯಾರು?

ಶಸ್ತ್ರಕ್ಕೆ ಸಲ್ಲಬೇಕಾದ ಈ ಪ್ರಶಂಸೆಯನ್ನು ವಿಕಿರಣದ ವ್ಯವಸ್ಥೆಗೆ ಅಷ್ಟೇ ಧಾರಾಳವಾಗಿ ಸಲ್ಲಿಸಲಾರೆ. ಜನರು ‘ಕರೆಂಟು ಕೊಡುವುದು’ ಎಂದು ಕರೆಯುವ ಈ ಚಿಕಿತ್ಸೆಯು ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯತಕ್ಕದ್ದು. ಶಸ್ತ್ರಕ್ರಿಯೆಯ ಅನಂತರ ಬೇಕಾದಲ್ಲಿ ಆರು ವಾರಗಳೊಳಗೆ ತೊಡಗತಕ್ಕದ್ದು. ನಡುವೆ ತಡೆದರೆ ಅದರ ಬಲ ಕುಗ್ಗುತ್ತದೆ. ಬಾಯಿ ಬೆಂದು ಗಂಜಿಯೂ ಇಳಿಯದಾಗುವ ನಾಲ್ಕನೆಯ ವಾರದಲ್ಲಿಯೇ ಕೈಯ ಹಣವೂ ತೀರುತ್ತದೆ. 2018ರಲ್ಲಿ ತೊಡಗಿದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಹೊರುವುದು ದೊಡ್ಡ ಉಪಕಾರ; ಆದರೆ ರೋಗಿಯ ಕೂಲಿ, ಜೊತೆಗಿರುವವಳ ಕೂಲಿ, ಪರಸ್ಥಳದ ಬಾಡಿಗೆ ಕೋಣೆ ಇವುಗಳ ಭಾರದಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಮರಳುವವರನ್ನು ಅದೊಂದೇ ತಡೆಯಲಾರದು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು 2025ರ ಜನವರಿಯಲ್ಲಿ ಉದ್ಘಾಟನೆಗೊಂಡುದರಿಂದ ದಾರಿಯ ದೂರ ಕಡಿಮೆಯಾಗಿದೆ. ವಾರಗಳ ಉದ್ದ ಕಡಿಮೆಯಾಗಿಲ್ಲ.

ಬದುಕಿ ಉಳಿದವನ ಮಾತನ್ನೂ ಊಟವನ್ನೂ ಲೆಕ್ಕಕ್ಕೆ ಹಿಡಿಯದ ಚಿಕಿತ್ಸೆಯನ್ನು ಪೂರ್ಣವೆನ್ನಲಾಗದು. ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರಿಗೆ ಮಾತು ಮರಳಿಸುವ ವಿದೇಶೀ ಉಪಕರಣಕ್ಕೆ ಸಹಸ್ರಾರು ರೂಪಾಯಿ ಬೀಳುತ್ತಿದ್ದಾಗ, ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಸುಮಾರು 50 ರೂಪಾಯಿಗೆ ದೊರೆಯುವ ‘ಓಂ’ ಎಂಬ ಸಾಧನವನ್ನು ರೂಪಿಸಿದರು. ಈ ಕ್ಷೇತ್ರದಲ್ಲಿ ಕರ್ನಾಟಕವು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದುದು ಇದು. ರೋಗಿಯ ಜೇಬನ್ನು ನೋಡಿ ಮಾಡಿದ ಚಿಕಿತ್ಸೆ ಇದು.

ಅಂತೂ ಈ ಪದ್ಧತಿಯ ಕೊನೆಯ ಭಾಗ ಬಲವಾದುದು, ಮೊದಲ ಭಾಗ ದುರ್ಬಲವಾದುದು. ಮೊದಲ ಭಾಗವನ್ನು ಬಲಪಡಿಸಬಹುದೆಂಬುದಕ್ಕೆ ಪ್ರಮಾಣವೂ ಇದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಹೊಂದಿದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಸಾವುಗಳು ನೂರಕ್ಕೆ 34ರಷ್ಟು ಕಡಿಮೆಯಾದವೆಂದು 2005ರಲ್ಲಿ ಪ್ರಕಟವಾಯಿತು. ಅಭ್ಯಾಸವಿಲ್ಲದವರಲ್ಲಿ ಲಾಭ ಕಾಣಲಿಲ್ಲ. ಆದುದರಿಂದ ಎಲ್ಲರ ಬಾಯನ್ನೂ ನೋಡಬೇಕಾದ ಅಗತ್ಯವಿಲ್ಲ, ಯಾರ ಅಂಗಿಯ ಜೇಬಿನಲ್ಲಿ ಚೀಟು ಇದೆಯೋ ಯಾರ ಮನೆಯ ಗೂಡಿನಲ್ಲಿ ಮಿಶ್ರಿಯ ಡಬ್ಬಿ ಇದೆಯೋ ಅವರದನ್ನು ನೋಡಿದರೆ ಸಾಕು. ಆಶಾ ಕಾರ್ಯಕರ್ತೆಯರು ಅವರನ್ನು ಹೆಸರು ಹಿಡಿದು ಬಲ್ಲರು. ಸ್ವಾತಂತ್ರ್ಯಕ್ಕೆ ಬಹು ಪೂರ್ವದಲ್ಲಿಯೇ ಘಟಪ್ರಭೆಯ ದಂಡೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿಕೊಂಡ ಸೀಮೆಗೆ ಈ ಕೆಲಸವು ಶಕ್ತಿಗೆ ಮೀರಿದುದಾಗಲಾರದು.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮೂರು ವಾರ ಕಳೆದರೂ ಮಾಯದ ಹುಣ್ಣು, ಮೂರು ವಾರ ಕಳೆದರೂ ತಿಳಿಯಾಗದ ದನಿ, ನೋಯದೆ ಬೆಳೆಯುವ ಕೊರಳ ಗಂಟು ಮನೆಯಲ್ಲಿ ಯಾರಿಗಾದರೂ ಇದ್ದರೆ ನಾಲ್ಕನೆಯ ವಾರಕ್ಕೆ ಕಾಯಬೇಡಿರಿ. ಖಾರ ಬೇಡವೆನ್ನತೊಡಗಿದ ಅಪ್ಪನನ್ನೋ ಅವ್ವನನ್ನೋ ನಾಳೆ ಬೆಳಗಿನ ಬಿಸಿಲಿಗೆ ಕಟ್ಟೆಯ ಮೇಲೆ ಕೂರಿಸಿ, ಬಾಯಿ ತೆರೆಸಿ ನೋಡಿರಿ.