ಸಾಧ್ಯವೂ ಸಾಧನವೂ: ಮಾನಿನ್ನರ ಸಾಂತತಾ ಪ್ರಮೇಯದ ವಿಮರ್ಶೆ

ಪೂರ್ಣಾಂಕಗಳಲ್ಲಿ ಉತ್ತರವನ್ನು ಬೇಡುವ ಸಮೀಕರಣಗಳು ಭಾರತೀಯ ಗಣಿತಕ್ಕೆ ಹೊಸತಲ್ಲ. ಭಾಸ್ಕರಾಚಾರ್ಯರ ಬೀಜಗಣಿತವು ಚಕ್ರವಾಲ ವಿಧಾನದಿಂದ ಅಂಥ ಉತ್ತರಗಳನ್ನು ಹುಡುಕಿಕೊಟ್ಟಿತು. ಒಂದರಿಂದ ಅನಂತ ಉತ್ತರಗಳನ್ನು ಪಡೆಯುವ ಬಗೆಯನ್ನೂ ತೋರಿತು. ಇಪ್ಪತ್ತನೆಯ ಶತಮಾನದ ಪ್ರಶ್ನೆಯ ಮುಖವೇ ಬೇರೆ: ಉತ್ತರಗಳು ಪರಿಮಿತವಾಗುವುದು ಯಾವಾಗ? ಮಿಶ್ರಸಂಖ್ಯೆಗಳಲ್ಲಿ ವಕ್ರವೊಂದು ತಳೆಯುವ ಮೇಲ್ಮೈಯ ರಂಧ್ರಗಳ ಎಣಿಕೆಗೆ ಜೀನಸ್ ಎಂದು ಹೆಸರು. ಅದು 2 ಅಥವಾ ಅದಕ್ಕೂ ಹೆಚ್ಚಾಗಿದ್ದರೆ ವಕ್ರದ ಮೇಲಣ ಭಾಗಲಬ್ಧ ಬಿಂದುಗಳು ಪರಿಮಿತವೆಂದು ಲೂಯಿ ಮೊರ್ಡೆಲ್ 1922ರಲ್ಲಿ ಊಹಿಸಿದರು.

ಈ ಊಹೆ ಮೊದಲು ಸಿದ್ಧವಾದುದು ಸಂಖ್ಯೆಗಳಲ್ಲಲ್ಲ, ಫಲನಕ್ಷೇತ್ರದಲ್ಲಿ. ಅಲ್ಲಿ ಗುಣಕಗಳೂ ಉತ್ತರಗಳೂ ಒಂದು ಚರದ ಫಲನಗಳು. 1963ರಲ್ಲಿ ಯೂರಿ ಮಾನಿನ್ ಅದರ ಸಾಧನೆಯನ್ನು ಪ್ರಕಟಿಸಿದರು.

ಪ್ರಮೇಯದ ಜೀವವಿರುವುದು ಅದರ ನಿಬಂಧನೆಯಲ್ಲಿ. ಎರಡು ಫಲನಗಳ ನಾಲ್ಕನೆಯ ಘಾತಗಳ ಮೊತ್ತ 1 ಆಗಬೇಕೆನ್ನೋಣ. ಈ ವಕ್ರದ ಜೀನಸ್ 3. ಆದರೂ ಇದಕ್ಕೆ ಮಿಶ್ರಸಂಖ್ಯೆಗಳಲ್ಲಿಯೇ ಅನಂತ ಉತ್ತರಗಳುಂಟು. ಸ್ಥಿರಸಂಖ್ಯೆಯೂ ಫಲನವೇ ಆದುದರಿಂದ ಅವೆಲ್ಲವೂ ಇಲ್ಲಿ ಸಲ್ಲುತ್ತವೆ. ಆದುದರಿಂದ ಚರದೊಡನೆ ಬದಲಾಗದ ಇಂಥ ವಕ್ರಗಳನ್ನು ಹೊರಗಿಟ್ಟೇ ಸಾಂತತೆಯನ್ನು ಹೇಳಬೇಕು. ಇದು ಲೋಪವಲ್ಲ, ಸತ್ಯದ ಎಲ್ಲೆ.

ಮಾನಿನ್ನರ ಆಯುಧ ಅವಕಲನ. ಫಲನವನ್ನು ಅದರ ಚರದ ಮೇಲೆ ಅವಕಲಿಸಬಹುದು. 7 ಎಂಬ ಸಂಖ್ಯೆಯನ್ನು ಯಾವುದರ ಮೇಲೆ ಅವಕಲಿಸುವುದು? ಇದನ್ನು ಕಂಡು, ಫಲನಕ್ಷೇತ್ರದ ಗೆಲವು ಸುಲಭದ ತಾಲೀಮು ಮಾತ್ರವೆಂದು ತೀರ್ಮಾನಿಸುವುದು ಸರಿಯಲ್ಲ. 1968ರಲ್ಲಿ ಪಾರ್ಷಿನ್ ಈ ಊಹೆಯನ್ನು ಶಫರೇವಿಚ್ಚರ ಮತ್ತೊಂದು ಊಹೆಗೆ ಬೆಸೆದರು. ಆ ಬೆಸುಗೆಯೇ 1983ರಲ್ಲಿ ಫಾಲ್ಟಿಂಗ್ಸರು ಸಂಖ್ಯೆಗಳಲ್ಲಿ ಮೊರ್ಡೆಲ್ ಊಹೆಯನ್ನು ಸಾಧಿಸಿದ ಮಾರ್ಗಕ್ಕೆ ಆಧಾರವಾಯಿತು. ಅವಕಲನವು ಗಡಿಯನ್ನು ದಾಟಲಿಲ್ಲ, ವಿಚಾರವು ದಾಟಿತು.

ವಿಮರ್ಶೆಯ ಮುಖ್ಯ ಪ್ರಶ್ನೆ ಏಳುವುದು ಇನ್ನು ಮುಂದೆ. 1990ರಲ್ಲಿ ರಾಬರ್ಟ್ ಕೋಲ್ಮನ್, ಮಾನಿನ್ನರ ಸಾಧನೆಯ ಒಂದು ಘಟ್ಟದಲ್ಲಿ ತರ್ಕವು ಕಡಿದಿರುವುದನ್ನು ತೋರಿಸಿದರು. ಇಪ್ಪತ್ತೇಳು ವರ್ಷ ಅದು ಪ್ರಕಟವಾಗಿ ಬಯಲಿಗೆ ಬಂದಿರಲಿಲ್ಲ. 1965ರಲ್ಲಿಯೇ ಗ್ರೌವರ್ಟ್ ಬೇರೆ ದಾರಿಯಿಂದ ಅದೇ ಫಲವನ್ನು ಸಾಧಿಸಿದ್ದರಾಗಿ ಪ್ರಮೇಯದ ಸತ್ಯಕ್ಕೆ ಕುಂದಿರಲಿಲ್ಲ. ಸಾಧ್ಯದಲ್ಲಿದ್ದ ಈ ನಂಬುಗೆ ಸಾಧನದ ಪರೀಕ್ಷೆಯನ್ನು ಸಡಿಲಿಸಿರಬಹುದು. ಕಡೆಯ ಮೊತ್ತ ತಾಳೆಯಾದ ಮಾತ್ರಕ್ಕೆ ನಡುವಣ ನಮೂದುಗಳೆಲ್ಲ ಸರಿಯೆನ್ನುವವನು ಲೆಕ್ಕಪರಿಶೋಧಕನಲ್ಲ.

ಕೋಲ್ಮನ್ನರು ತಪ್ಪನ್ನು ತೋರಿ ಕೈಬಿಡಲಿಲ್ಲ. ಮಾನಿನ್ ಹೇಳಿದುದಕ್ಕಿಂತ ದುರ್ಬಲವಾದ ಹೇಳಿಕೆಯೇ ಸಾಂತತೆಗೆ ಸಾಕೆಂದು ತೋರಿ, ಸಾಧನೆಯನ್ನು ಅದರದೇ ದಾರಿಯಲ್ಲಿ ಉಳಿಸಿದರು. 1991ರಲ್ಲಿ ಚಿಂಗ್-ಲಿ ಚೈ, ಡೆಲೀನ್ ಅವರ ಫಲಿತಾಂಶವನ್ನು ಬಳಸಿ, ಮಾನಿನ್ನರ ಮೂಲ ಹೇಳಿಕೆಯೂ ನಿಜವೆಂದು ಸಿದ್ಧಪಡಿಸಿದರು. ಮಾನಿನ್ನರ ಒಳನೋಟ ಆಮೇಲಣ ಎಲ್ಲ ಪರೀಕ್ಷೆಗಳನ್ನೂ ತಾಳಿತು. ತಾಳದೆ ಹೋದುದು ಅದಕ್ಕೆ ಕೊಟ್ಟಿದ್ದ ಒಂದು ಕಾರಣ ಮಾತ್ರ. ಈ ಎರಡನ್ನೂ ಬೇರೆಬೇರೆಯಾಗಿ ತೂಗಿದುದರಿಂದಲೇ ಕೋಲ್ಮನ್ನರ ಲೇಖನವು ದೋಷಪಟ್ಟಿಯಾಗದೆ ವಿಮರ್ಶೆಯಾಯಿತು. ಕೃತಿಯನ್ನು ಗೌರವಿಸುವುದೆಂದರೆ ಅದನ್ನು ಸಾಲುಸಾಲಾಗಿ ಓದುವುದು. ಗಣಿತದಲ್ಲಿ ಹೇಗೋ, ಸಾಹಿತ್ಯದಲ್ಲಿಯೂ ಹಾಗೆಯೇ.