ಮುಡಿ ಕಟ್ಟುವವರೆಗೆ ಕಾದವರು

ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯ ಮಾತು ಬಂದಾಗಲೆಲ್ಲ ಊದುಬತ್ತಿಯ ಮಾತು ಬರುತ್ತದೆ. ಟಿವಿಗೆ ಹಾರ ಹಾಕಿದರು, ಕೃಷ್ಣ ಕಂಡಾಗ ಕೈ ಮುಗಿದರು, ಹಳ್ಳಿಯ ಜನ ಭಕ್ತಿಯಿಂದ ನೋಡಿದರು ಎಂದು ಬರೆದು ಮುಗಿಸುತ್ತಾರೆ. ಅದೇ ಲೇಖಕರು ಇವತ್ತಿನ ಸಂಜೆ ಧಾರಾವಾಹಿಗಳ ಸೇಡು, ಶಪಥ, ಕಣ್ಣೀರು ಕಂಡರೆ ಮೂಗು ಮುರಿಯುತ್ತಾರೆ. ಅದು ಭಕ್ತಿ, ಇದು ಕೀಳು ರುಚಿ ಎಂಬ ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ.

1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ 94 ಕಂತುಗಳಲ್ಲಿ ಅದು ಬಂತು. ನಮ್ಮ ಹುಣಸಗಿ ಆಗ ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿತ್ತು. ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಪಡಸಾಲೆ ತುಂಬುತ್ತಿತ್ತು. ಕರೆಂಟ್ ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬರುತ್ತಿತ್ತು. ಭಕ್ತಿ ಇರಲಿಲ್ಲ ಎನ್ನಲಾರೆ. ಆದರೆ ದ್ಯೂತಸಭೆಯ ಕಂತುಗಳಾದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಗೀತೆಯ ಉಪದೇಶ ಯಾವಾಗ ಎಂದಲ್ಲ. “ದುಶ್ಶಾಸನ ಸಾಯೋದು ಇನ್ನ ಎಷ್ಟ್ ವಾರ ಐತವ್ವಾ?” ಎಂದು. ಅವರು ಕಾಯುತ್ತಿದ್ದದ್ದು ಸೇಡಿಗೆ. ಆ ಕಾಯುವಿಕೆಯಲ್ಲಿ ಅವರಿಗೆ ಸುಖವಿತ್ತು, ಮತ್ತು ಆ ಸುಖ ಗೌರವಕ್ಕೆ ತಕ್ಕದ್ದು ಎಂಬುದೇ ನನ್ನ ವಾದ.

ಈ ನೆಲಕ್ಕೆ ಟಿವಿ ಬಂದದ್ದೇ ಮೇಷ್ಟ್ರಾಗಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಾಯೋಗಿಕ ಪ್ರಸಾರ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳನ್ನು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಪಾಠ ಅದರ ಉದ್ದೇಶವಾಗಿತ್ತು. ಅವು ಬೇಕಾದ ಪಾಠಗಳೇ. ಆದರೆ ಹಳ್ಳಿಯವರಿಗೆ ಕಲಿಯುವುದಷ್ಟೇ ಬಾಕಿ, ನೋಡುವ ರುಚಿ ಇಲ್ಲ ಎಂಬ ನಂಬಿಕೆ ಅಂದಿನಿಂದಲೇ ಅಂಟಿಕೊಂಡಿತು.

ರುಚಿ ಇತ್ತು. ಅದನ್ನು ಬೆಳೆಸಿದ್ದು ದೊಡ್ಡಾಟ. ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ, ರಾತ್ರಿಯಿಡೀ ಮದ್ದಳೆ ತಾಳಗಳ ನಡುವೆ ಕಿರೀಟ ಭುಜಕೀರ್ತಿ ತೊಟ್ಟ ಭೀಮ ಕುಣಿದದ್ದನ್ನು ನೋಡಿದವರಿಗೆ ಕೀಚಕ ಸಾಯುತ್ತಾನೆಂಬುದು ಮೊದಲೇ ಗೊತ್ತು. ಮುಂದೇನು ಎಂಬ ಕುತೂಹಲ ಅವರನ್ನು ಬೆಳಗಿನವರೆಗೆ ಕೂರಿಸಲಿಲ್ಲ. ಗೊತ್ತಿರುವ ಸಾಲ ಹೇಗೆ ತೀರುತ್ತದೆ, ತೀರಿಸುವವನ ದನಿ ಹೇಗೆ ಏರುತ್ತದೆ, ಅದನ್ನು ನೋಡಲು ಕೂತರು. ಆದ್ದರಿಂದಲೇ ರಾಹಿ ಮಾಸೂಮ್ ರಜಾ ಬರೆದ ಸಂಸ್ಕೃತಭರಿತ ಹಿಂದಿ ಸಂಭಾಷಣೆ ಅರ್ಥವಾಗದ ಅಜ್ಜಿಯಂದಿರೂ ಸರಿಯಾದ ಜಾಗದಲ್ಲಿ ಅತ್ತರು.

ಮೆಲೊಡ್ರಾಮ ಎಂದು ಹೀಯಾಳಿಸುವವರು ಒಂದು ಸಂಗತಿ ನೆನೆಯಬೇಕು. ದುಶ್ಶಾಸನನ ರಕ್ತದಿಂದಲೇ ಮುಡಿ ಕಟ್ಟುತ್ತೇನೆಂಬ ದ್ರೌಪದಿಯ ಶಪಥ ವ್ಯಾಸರಲ್ಲಿ ಇಲ್ಲ. ಭಟ್ಟನಾರಾಯಣನ ‘ವೇಣೀಸಂಹಾರ’ ನಾಟಕ ಅದನ್ನು ಮೆರೆಸಿತು. 941ರ ಸುಮಾರಿಗೆ ಪಂಪ ಅದನ್ನು ತನ್ನ ಕಾವ್ಯಕ್ಕೆ ತಂದುಕೊಂಡ, ರನ್ನ ‘ಗದಾಯುದ್ಧ’ದಲ್ಲಿ ಅದನ್ನು ಇನ್ನಷ್ಟು ಉರಿಸಿದ. ನಮ್ಮ ಅತಿದೊಡ್ಡ ಕವಿಗಳು ಬೇಕೆಂದೇ ಸೇರಿಸಿಕೊಂಡ ರುಚಿಯನ್ನು ಟಿವಿ ನೋಡುವ ಹೆಂಗಸರಲ್ಲಿ ಕಂಡಾಗ ಕೀಳೆನ್ನುವುದು ಅನ್ಯಾಯ.

ಸೇಡಿನ ಕಥೆ ಹಗೆ ಕಲಿಸುತ್ತದೆ ಎಂಬುದು ಇನ್ನೊಂದು ಆಕ್ಷೇಪ. ದ್ಯೂತಸಭೆಯ ಕಂತುಗಳನ್ನು ಮತ್ತೆ ನೋಡಿ. 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ದಿನಗಳಲ್ಲಿ ಡಿಡಿ ಭಾರತಿ ಮರುಪ್ರಸಾರ ಮಾಡಿದಾಗ ನಾನೂ ನೋಡಿದೆ. ಅಲ್ಲಿ ಮನಸ್ಸು ನಾಟುವುದು ಸೀರೆ ಸೆಳೆಯುವವನ ಕೈಯಲ್ಲಿ ಅಲ್ಲ, ಕುಳಿತ ಹಿರಿಯರ ಮುಖಗಳಲ್ಲಿ. ಭೀಷ್ಮ, ದ್ರೋಣ, ಕೃಪ. ಕ್ಯಾಮೆರಾ ಒಂದೊಂದೇ ಮುಖಕ್ಕೆ ಹೋಗಿ ನಿಲ್ಲುವುದನ್ನು ‘ಎಳೆಯುತ್ತಾರೆ’ ಎಂದು ದೂರುತ್ತೇವೆ. ಆ ಎಳೆತದಲ್ಲೇ ಆರೋಪಪಟ್ಟಿ ಇದೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಎಂದು ರೂಪಾ ಗಂಗೂಲಿಯ ದ್ರೌಪದಿ ಕೇಳುತ್ತಾಳೆ. ಧರ್ಮ ಬಲ್ಲವರು ಉತ್ತರ ಕೊಡುವುದಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ ಹಿರಿಯರು ತಲೆ ತಗ್ಗಿಸಿ ಕುಳಿತದ್ದನ್ನು ಕಂಡ ಹೆಣ್ಣಿಗೆ ಈ ಮೌನ ವಿವರಿಸಬೇಕಿಲ್ಲ. ಬಿಚ್ಚಿದ ಮುಡಿ ಆ ಪ್ರಶ್ನೆಯನ್ನು ವಾರ ವಾರವೂ ಕಣ್ಣೆದುರು ಇಡುತ್ತದೆ. ಪ್ರಶ್ನೆ ಮರೆಯಲು ಯಾರಿಗೂ ಬಿಡದಿರುವುದರಲ್ಲಿ ನೋಡುವವಳ ಸುಖವಿದೆ. ರಕ್ತ ಅದರ ಕೊನೆಯ ಗುರುತಷ್ಟೆ. ಬಾಯಿ ಮುಚ್ಚಿಕೊಂಡು ಹೋಗವ್ವ ಎಂದು ಕೇಳಿಯೇ ಬೆಳೆದವರು ಎದ್ದು ನಿಂತು ಕೇಳಿದವಳ ಪಕ್ಷ ವಹಿಸಿದ್ದರಲ್ಲಿ ಕೀಳು ಏನಿದೆ?

ಹಾಗೆಂದು ಧಾರಾವಾಹಿಯಲ್ಲಿ ಕೊರತೆಯಿಲ್ಲ ಎನ್ನುವುದಿಲ್ಲ. ದೊಡ್ಡಾಟದಲ್ಲಿ ಸಾರಥಿ ರಾಜನನ್ನೇ ‘ನೀನು ಯಾರು’ ಎಂದು ನಿಲ್ಲಿಸಿ ಕೇಳುತ್ತಾನೆ, ಕೆಣಕುತ್ತಾನೆ, ನಗಿಸುತ್ತಾನೆ. ಧಾರಾವಾಹಿಯಲ್ಲಿ ಹರೀಶ್ ಭಿಮಾನಿಯವರ ದನಿಯ ‘ಸಮಯ’ ಹೇಳುತ್ತದೆ, ಕೇಳುವುದಿಲ್ಲ. ಆ ಗಾಂಭೀರ್ಯ ನೋಡುವವರ ಬಾಯಿಂದ ಪ್ರಶ್ನೆ ಕಸಿಯಿತು.

ಅದಕ್ಕಿಂತ ದೊಡ್ಡ ಕೊರತೆ ವೈರಿಯ ಕಡೆಗಿದೆ. ರನ್ನ ಭೀಮನ ಶಪಥವನ್ನು ಎಷ್ಟು ಉರಿಸುತ್ತಾನೋ ದುರ್ಯೋಧನನಿಗೆ ಅಷ್ಟೇ ಎದೆ ಕೊಡುತ್ತಾನೆ. ವೈಶಂಪಾಯನ ಸರೋವರಕ್ಕೆ ಹೋಗುವ ಮುನ್ನ ಹೆಣಗಳ ನಡುವೆ ನಡೆಯುವ ಆ ರಾಜ ದ್ರೋಣನಿಗೆ, ತಮ್ಮನಿಗೆ, ಕರ್ಣನಿಗೆ ಅಳುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ತೊಡೆ ಮುರಿಯಬೇಕೆಂದು ಕಾದವರಿಗೂ ಅಲ್ಲಿ ಗಂಟಲು ಕಟ್ಟುತ್ತದೆ. ಧಾರಾವಾಹಿಯ ದುರ್ಯೋಧನ ಪುನೀತ್ ಇಸ್ಸಾರ್ ದೇಹಬಲದಲ್ಲಿ, ಗರ್ಜನೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, ಆದರೆ ಆ ನಡಿಗೆಗೆ ಸಮನಾದದ್ದು 94 ಕಂತುಗಳಲ್ಲಿ ನನಗೆ ಸಿಗಲಿಲ್ಲ. ಟಿವಿಯ ಸೇಡಿನ ಕಥೆಗಳ ಮೇಲೆ ದೂರು ಹೇಳುವುದಿದ್ದರೆ ಇದನ್ನು ಹೇಳೋಣ: ಸೇಡು ಹೆಚ್ಚಾಯಿತೆಂದಲ್ಲ, ವೈರಿಗೆ ಅಳಲು ಸಾಕಷ್ಟು ಹೊತ್ತು ಕೊಡಲಿಲ್ಲವೆಂದು.