ಕೊಟ್ಟ ಅಭಯವನ್ನು ಹಿಂತೆಗೆಯಬಹುದೆ?

ಆಟದ ನಿಯಮ ಯಾರ ಸ್ವತ್ತು ಎಂಬ ಪ್ರಶ್ನೆ ಧರ್ಮಚಿಂತನೆಯ ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೆಂದು ಮೇಲುನೋಟಕ್ಕೆ ತೋರಲಾರದು. ಆದರೆ ಈ ಪ್ರಶ್ನೆಗೂ ನಮಗೂ ಹಳೆಯ ನಂಟೊಂದಿದೆ. ಗುಜರಾತ್ ಮತ್ತು ರಾಜಸ್ಥಾನದ ಜೈನ ಕುಟುಂಬಗಳು ಆಡುತ್ತಿದ್ದ ಜ್ಞಾನಬಾಜಿಯ ಚಿತ್ರಪಟಗಳನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಸಾಮಾನ್ಯವಾಗಿ 84 ಮನೆಗಳಿರುವ ಆ ಪಟದಲ್ಲಿ ಸದ್ಗುಣದ ಏಣಿ ಜೀವವನ್ನು ಮೇಲಕ್ಕೆ ಒಯ್ಯುತ್ತದೆ, ದುರ್ಗುಣದ ಹಾವು ಕೆಳಕ್ಕೆ ಇಳಿಸುತ್ತದೆ. ಎಲ್ಲಕ್ಕೂ ಮೇಲೆ ಮೋಕ್ಷಸ್ಥಾನ. ಭಾರತದ ಈ ಹಾವು-ಏಣಿಯ ಆಟ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಯಿತು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ ಅದನ್ನು 'ಚೂಟ್ಸ್ ಅಂಡ್ ಲ್ಯಾಡರ್ಸ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. 1984ರಲ್ಲಿ ಆ ಕಂಪನಿಯನ್ನು ಹ್ಯಾಸ್‌ಬ್ರೊ ಸಂಸ್ಥೆ ಕೊಂಡುಕೊಂಡಿತು. ಈ ದಾರಿಯುದ್ದಕ್ಕೂ ಯಾರೂ ನಮ್ಮ ಅನುಮತಿಯನ್ನು ಕೇಳಲಿಲ್ಲ. ಕೇಳಬೇಕಿತ್ತೆಂದು ನಾವೂ ದೂರಲಿಲ್ಲ.

ಅದೇ ಹ್ಯಾಸ್‌ಬ್ರೊದ ಅಧೀನದಲ್ಲಿರುವ 'ವಿಝರ್ಡ್ಸ್ ಆಫ್ ದ ಕೋಸ್ಟ್' ಎಂಬ ಕಂಪನಿ, ತಾನು ಹಿಂದೆ ಲೋಕಕ್ಕೆ ಮುಕ್ತವಾಗಿ ಬಿಟ್ಟುಕೊಟ್ಟಿದ್ದ ಆಟದ ನಿಯಮಗಳನ್ನು 2023ರ ಜನವರಿಯಲ್ಲಿ ಮರಳಿ ಬಿಗಿಹಿಡಿಯಲು ಹೊರಟಿತು. ಆ ಪ್ರಸಂಗದ ಮೂಲದಲ್ಲಿರುವ ಪರವಾನಗಿ ಪತ್ರವನ್ನು ಶ್ರಾವಕಾಚಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕೊಡುವವರಿಗೂ ಪಡೆಯುವವರಿಗೂ, ವಿಶೇಷವಾಗಿ ನಮ್ಮ ಟ್ರಸ್ಟುಗಳ ಆಡಳಿತ ನೋಡುವವರಿಗೂ ಅದರಲ್ಲಿ ಕಲಿಯತಕ್ಕದ್ದು ಉಂಟು.

ಮೊದಲು ಆಟದ ಪರಿಚಯ. ಅದರ ಹೆಸರು 'ಡಂಜನ್ಸ್ ಅಂಡ್ ಡ್ರಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಇದನ್ನು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಟಿಎಸ್‌ಆರ್ ಸಂಸ್ಥೆ 1974ರಲ್ಲಿ ಪ್ರಕಟಿಸಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಕಥೆಯನ್ನು ನಡೆಸುತ್ತಾ ಹೋದಂತೆ ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಮಾತಾಡುತ್ತಾರೆ. ಪಾತ್ರದ ಸಾಹಸ ಫಲಿಸಿತೇ ಇಲ್ಲವೇ ಎಂಬುದನ್ನು 20 ಮುಖಗಳ ದಾಳ ತೀರ್ಮಾನಿಸುತ್ತದೆ. ಆಟದಲ್ಲಿ ಕೊಲ್ಲುವ ಕಲ್ಪನೆ ಧಾರಾಳವಾಗಿದೆ. ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಯಶೋಧರನ ಕಥೆಯನ್ನು ಬಲ್ಲವರಿಗೆ ಸಂಕಲ್ಪಹಿಂಸೆಯ ವಿಷಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಮ್ಮ ವಿಚಾರ ಆಡುವವರದಲ್ಲ, ಆಟದ ಪುಸ್ತಕಗಳನ್ನು ಅಚ್ಚು ಹಾಕಿ ಮಾರುವವರದು.

ಈ ವ್ಯಾಪಾರದಲ್ಲಿ ಎರವಲು ಮೊದಲಿನಿಂದಲೂ ಇದ್ದದ್ದೇ. ಡಂಜನ್ಸ್ ಅಂಡ್ ಡ್ರಾಗನ್ಸಿನ ಮೊದಲ ಪುಸ್ತಕಗಳಲ್ಲಿ ಟಾಲ್ಕೀನರ ಕಾದಂಬರಿಗಳ 'ಹಾಬಿಟ್' ಎಂಬ ಕುಳ್ಳರ ಕುಲ ಅದೇ ಹೆಸರಿನಲ್ಲಿತ್ತು. ಹಕ್ಕುದಾರರು ಆಕ್ಷೇಪಿಸಿದ ಮೇಲೆ 'ಹಾಫ್‌ಲಿಂಗ್' ಆಯಿತು. ಹೀಗೆ ಎರವಲು ತಂದು ಬೆಳೆದ ಸಂಸ್ಥೆಯೇ ತನ್ನಿಂದ ಇತರರು ಎರವಲು ತಂದಾಗ ಸಹಿಸಲಿಲ್ಲ. ಸಹಕರ್ತನಾದ ಆರ್ನೆಸನ್ ತನಗೆ ಸಲ್ಲಬೇಕಾದ ಗೌರವಧನಕ್ಕಾಗಿ 1979ರಲ್ಲಿ ಆ ಸಂಸ್ಥೆಯ ಮೇಲೆಯೇ ದಾವೆ ಹೂಡಬೇಕಾಯಿತು, 1981ರಲ್ಲಿ ರಾಜಿಯಾಯಿತು. ಮೇಫೇರ್ ಎಂಬ ಪ್ರಕಾಶಕರು ಈ ಆಟಕ್ಕೆ ಹೊಂದುವ ಪುಸ್ತಕಗಳನ್ನು ಹೊರತಂದಾಗ 1984ರಲ್ಲಿ ಒಪ್ಪಂದ, 1991ರಲ್ಲಿ ಮೊಕದ್ದಮೆ, ಕೊನೆಗೆ ಟಿಎಸ್‌ಆರ್ ಆ ಪುಸ್ತಕಮಾಲೆಯನ್ನೇ ಕೊಂಡುಕೊಂಡು ವ್ಯಾಜ್ಯವನ್ನು ಮುಗಿಸಿತು.

ಹಾಗಾದರೆ ನಿಯಮದ ಮೇಲೆ ಸ್ವಾಮ್ಯವುಂಟೆ? ಇದಕ್ಕೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಉತ್ತರ ವಾಣಿಜ್ಯ ಓದಿದವರಿಗೆ ಹತ್ತಿರವಾದದ್ದು. ಏಕೆಂದರೆ ಆ ಮೊಕದ್ದಮೆ ಲೆಕ್ಕ ಬರೆಯುವ ಪದ್ಧತಿಯನ್ನು ಕುರಿತದ್ದು. ಚಾರ್ಲ್ಸ್ ಸೆಲ್ಡನ್ ಎಂಬಾತ ಜಮಾಖರ್ಚನ್ನೆಲ್ಲ ಒಂದೇ ನೋಟಕ್ಕೆ ಕಾಣುವಂತೆ ಪುಟ ಹಾಕುವ ಕ್ರಮವೊಂದನ್ನು ಪುಸ್ತಕದಲ್ಲಿ ವಿವರಿಸಿದ್ದ. ಬೇಕರ್ ಎಂಬಾತ ಅಂಥದೇ ನಮೂನೆಗಳನ್ನು ಮಾರಿದ. 1879ರ ಈ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದರ ತಾತ್ಪರ್ಯವಿಷ್ಟೆ: ವಿವರಣೆಯ ಮಾತುಗಳು ಗ್ರಂಥಕರ್ತನ ಸ್ವತ್ತು, ವಿವರಿಸಲ್ಪಟ್ಟ ಪದ್ಧತಿ ಎಲ್ಲರದು. 1976ರ ಕೃತಿಸ್ವಾಮ್ಯ ಕಾಯಿದೆಯೂ ಇದನ್ನೇ ಸ್ಥಿರಪಡಿಸಿತು. ಆಟಕ್ಕೂ ಈ ನ್ಯಾಯವೇ. 20 ಮುಖದ ದಾಳ ಉರುಳಿಸಿ ಬಂದ ಸಂಖ್ಯೆಗೆ ಪಾತ್ರದ ಬಲವನ್ನು ಕೂಡಿಸುವ ಕ್ರಮ ಯಾರೊಬ್ಬರದೂ ಅಲ್ಲ. ಅದನ್ನು ವರ್ಣಿಸಿದ ವಾಕ್ಯಗಳು, ಚಿತ್ರಗಳು, ಕಲ್ಪಿತ ಹೆಸರುಗಳು ಮಾತ್ರ ಸ್ವತ್ತು. ಆದರೆ ಪದ್ಧತಿ ಎಲ್ಲಿ ಮುಗಿದು ವಾಕ್ಯ ಎಲ್ಲಿ ಆರಂಭವಾಗುತ್ತದೆಂಬ ಗೆರೆ ಬಲು ಸೂಕ್ಷ್ಮ. ಆ ಗೆರೆಯನ್ನು ನ್ಯಾಯಾಲಯದಲ್ಲಿ ಎಳೆಸುವಷ್ಟು ಹಣ ಸಣ್ಣ ಪ್ರಕಾಶಕನಲ್ಲಿ ಇರುವುದಿಲ್ಲ. ಅವನ ನಿಜವಾದ ಭಯ ಇಲ್ಲಿದೆ.

1997ರಲ್ಲಿ ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರನ್ನು ವಿಝರ್ಡ್ಸ್ ಕೊಂಡಿತು. 1999ರಲ್ಲಿ ವಿಝರ್ಡ್ಸನ್ನು ಹ್ಯಾಸ್‌ಬ್ರೊ ಕೊಂಡಿತು. 2000ದಲ್ಲಿ ಆಟದ ಮೂರನೆಯ ಆವೃತ್ತಿಯೊಂದಿಗೆ, ರಯಾನ್ ಡ್ಯಾನ್ಸಿ ಎಂಬ ಅಧಿಕಾರಿಯ ಮುಂದಾಳುತನದಲ್ಲಿ, 'ಓಪನ್ ಗೇಮ್ ಲೈಸೆನ್ಸ್' ಎಂಬ ಪರವಾನಗಿ ಹೊರಬಂದಿತು. ಕಂಪನಿ ಗೊತ್ತುಪಡಿಸಿದ ನಿಯಮಪಾಠವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು, ತಿದ್ದಬಹುದು, ಮಾರಬಹುದು; ಕಂಪನಿಯ ಮುದ್ರೆ ಮತ್ತು ಮೀಸಲಿಟ್ಟ ಹೆಸರುಗಳನ್ನು ಮಾತ್ರ ಮುಟ್ಟಬಾರದು. ಡ್ಯಾನ್ಸಿ ಇದರ ಉದ್ದೇಶವನ್ನು ಮುಚ್ಚಿಡಲಿಲ್ಲ: ಹೊರಗಿನವರು ಪೂರಕ ಪುಸ್ತಕಗಳನ್ನು ಹೆಚ್ಚು ತಂದಷ್ಟೂ ಕಂಪನಿಯ ಮೂಲ ಪುಸ್ತಕ ಹೆಚ್ಚು ಮಾರಾಟವಾಗುತ್ತದೆ. ವ್ಯಾಪಾರವನ್ನು ವ್ಯಾಪಾರವೆಂದೇ ಹೇಳಿದ್ದು ಮೆಚ್ಚತಕ್ಕದ್ದು.

ಆ ಪತ್ರದಲ್ಲಿ ನಾನು ಮನಸಾರೆ ಮೆಚ್ಚುವ ಭಾಗ ಹದಿನೈದನೆಯ ಕಲಮು. ಪುಸ್ತಕ ಹೊರತರುವವನು ತಾನು ಯಾರಿಂದ ಪಡೆದನೋ ಅವರ ಹೆಸರನ್ನೂ, ಅವರು ಯಾರಿಂದ ಪಡೆದರೋ ಅವರ ಹೆಸರನ್ನೂ ಕ್ರಮವಾಗಿ ಅಚ್ಚು ಹಾಕಲೇಬೇಕು. ನಮ್ಮ ಪ್ರಾಚೀನ ಗ್ರಂಥಗಳ ಪ್ರಶಸ್ತಿಭಾಗದಲ್ಲಿ ಗುರುಪರಂಪರೆಯನ್ನು ಸ್ಮರಿಸಿ ಮುಂದುವರಿಯುವ ಕ್ರಮ ಇದೇ ಅಲ್ಲವೆ? ಪಡೆದದ್ದನ್ನು ಪಡೆದೆನೆಂದು ಹೇಳುವುದರಲ್ಲಿ ಅಚೌರ್ಯದ ಅರ್ಧ ಪಾಲನೆಯಾಗುತ್ತದೆ.

ಈಗ ಮುಖ್ಯ ಪ್ರಶ್ನೆ. ಈ ಪತ್ರದ ಮೂಲಕ ಕಂಪನಿ ಕೊಟ್ಟದ್ದೇನು? ಪುಸ್ತಕದ ಪಾಠವನ್ನು ಕೊಟ್ಟಿದ್ದರಿಂದ ಇದು ಶಾಸ್ತ್ರದಾನವನ್ನು ಹೋಲುತ್ತದೆಂದು ಮೊದಲು ಅನಿಸುತ್ತದೆ. ಆದರೆ ನಿಯಮಪದ್ಧತಿ ಕಾನೂನಿನ ಪ್ರಕಾರ ಮೊದಲೇ ಎಲ್ಲರದಾಗಿತ್ತು. ಆದ್ದರಿಂದ ಪ್ರಕಾಶಕರು ನಿಜವಾಗಿ ಪಡೆದದ್ದು, ಈ ಗೆರೆಯೊಳಗೆ ನಡೆದರೆ ನಿನ್ನ ಮೇಲೆ ದಾವೆ ಹೂಡುವುದಿಲ್ಲ ಎಂಬ ಭರವಸೆ. ಚತುರ್ವಿಧ ದಾನಗಳಲ್ಲಿ ಇದು ಅಭಯದ ಕಡೆಗೆ ಸೇರತಕ್ಕದ್ದು. ಅಭಯದ ಗುಣವೆಂದರೆ ಅದನ್ನು ನಂಬಿ ಮನುಷ್ಯ ತನ್ನ ಬಾಳನ್ನು ಕಟ್ಟಿಕೊಳ್ಳುತ್ತಾನೆ. ಕೊಟ್ಟ ಅನ್ನವನ್ನು ಉಂಡಮೇಲೆ ಕಿತ್ತುಕೊಳ್ಳಲಾಗದು. ಅಭಯವನ್ನಾದರೋ ಯಾವ ದಿನವೂ ಕಿತ್ತುಕೊಳ್ಳಬಹುದು. ಆದುದರಿಂದಲೇ ಅದನ್ನು ಕೊಡುವವನ ಹೊಣೆ ಹೆಚ್ಚಿನದು.

ಪತ್ರದ ದೋಷವೂ ಈ ಸ್ಥಳದಲ್ಲಿಯೇ ಇತ್ತು. ಪರವಾನಗಿ 'ಶಾಶ್ವತ' ಎಂದು ನಾಲ್ಕನೆಯ ಕಲಮಿನಲ್ಲಿ ಬರೆದಿತ್ತು. 'ಹಿಂತೆಗೆಯಲಾಗದ' ಎಂಬ ಮಾತು ಇರಲಿಲ್ಲ. ಒಂಬತ್ತನೆಯ ಕಲಮಿನಲ್ಲಿ, ಕಂಪನಿ ಹೊಸ ಆವೃತ್ತಿಗಳನ್ನು ಹೊರಡಿಸಿದರೂ 'ಅಧಿಕೃತವಾದ' ಯಾವುದೇ ಆವೃತ್ತಿಯನ್ನು ಬಳಸಬಹುದು ಎಂದಿತ್ತು; ಅಧಿಕೃತತೆಯನ್ನು ರದ್ದುಮಾಡುವ ಅಧಿಕಾರ ಯಾರಿಗಾದರೂ ಇದೆಯೆ ಎಂಬುದನ್ನು ಹೇಳಿರಲಿಲ್ಲ. ಹೊಸ ಆವೃತ್ತಿ ಒಪ್ಪಿಗೆಯಾಗದಿದ್ದರೆ ಹಳೆಯದನ್ನೇ ಬಳಸಬಹುದೆಂದು ಕಂಪನಿಯೇ ತನ್ನ ಪ್ರಶ್ನೋತ್ತರಗಳಲ್ಲಿ ಸಮಾಧಾನ ಹೇಳಿತ್ತು. 2008ರಲ್ಲಿ ನಾಲ್ಕನೆಯ ಆವೃತ್ತಿಗೆ ಕಂಪನಿ ಬಿಗಿಯಾದ ಬೇರೊಂದು ಪರವಾನಗಿಯನ್ನು ತಂದಾಗ, ಪೈಜೊ ಎಂಬ ಪ್ರಕಾಶಕರು ಹಳೆಯ ಪತ್ರದ ಬಲದಿಂದಲೇ 2009ರಲ್ಲಿ 'ಪಾತ್‌ಫೈಂಡರ್' ಎಂಬ ಸ್ಪರ್ಧಿ ಆಟವನ್ನು ಹೊರತಂದರು. 2016ರಲ್ಲಿ ಕಂಪನಿ ಐದನೆಯ ಆವೃತ್ತಿಯ ನಿಯಮಪಾಠವನ್ನು ಮತ್ತೆ ಅದೇ ಹಳೆಯ ಪತ್ರದಡಿ ಕೊಟ್ಟಿತು. ಹೀಗೆ ಇಪ್ಪತ್ತೆರಡು ವರ್ಷಗಳ ನಡವಳಿಕೆಯಿಂದ ನಂಬಿಕೆ ಗಟ್ಟಿಯಾಯಿತು.

2023ರ ಜನವರಿ 5ರಂದು ಹೊಸ ಪರವಾನಗಿಯ ಕರಡು ಪತ್ರಿಕಾವರದಿಯ ಮೂಲಕ ಬಯಲಾಯಿತು. ಹಳೆಯ ಪತ್ರ ಇನ್ನು ಅಧಿಕೃತವಲ್ಲ; ವರ್ಷಕ್ಕೆ 50 ಸಾವಿರ ಡಾಲರಿಗೆ ಮೀರಿದ ಆದಾಯವನ್ನು ವರದಿ ಮಾಡಬೇಕು; 7 ಲಕ್ಷ 50 ಸಾವಿರ ಡಾಲರಿನ ಮೇಲಿನ ಆದಾಯದಲ್ಲಿ ಶೇಕಡಾ 25ರವರೆಗೆ ಕಂಪನಿಗೆ ಸಲ್ಲಿಸಬೇಕು. ಗಮನಿಸಿ, ಇದು ಲಾಭದ ಮೇಲಿನ ಪಾಲಲ್ಲ, ಆದಾಯದ ಮೇಲಿನದು. ಅಚ್ಚುಕೂಟದ ಬಿಲ್ಲು, ಕಾಗದದ ಬೆಲೆ, ಸಾಗಣೆಯ ಖರ್ಚು ಕಳೆದ ಮೇಲೆ ಕಾಲುಭಾಗ ಉಳಿಯುವ ಪುಸ್ತಕವ್ಯಾಪಾರ ಎಲ್ಲಿದೆ ಎಂಬುದನ್ನು ಲೆಕ್ಕ ಬಲ್ಲವರು ಯೋಚಿಸಲಿ. ಇದಕ್ಕಿಂತ ಮುಖ್ಯವಾದ ಅಂಶ ಮತ್ತೊಂದಿದೆ. ಪ್ರಕಾಶಕನು ರಚಿಸಿದ್ದನ್ನು ಕಂಪನಿಯೂ ಶುಲ್ಕವಿಲ್ಲದೆ, ಶಾಶ್ವತವಾಗಿ, ಹಿಂತೆಗೆಯಲಾಗದಂತೆ ಬಳಸಬಹುದೆಂದು ಅದೇ ಕರಡು ಹೇಳಿತ್ತು. ತಾನು ಕೊಡುವಾಗ ಬಿಟ್ಟಿದ್ದ ಮಾತನ್ನು ತಾನು ತೆಗೆದುಕೊಳ್ಳುವಾಗ ಮರೆಯದೆ ಬರೆಯಿತು.

ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಎಣಿಸಿದ್ದಾರೆ: ಕೊಡುವುದಕ್ಕೆ ಕಿರಿದಾದ ಅಳತೆ, ಕೊಳ್ಳುವುದಕ್ಕೆ ಹಿರಿದಾದ ಅಳತೆ. ಅಕ್ಕಿಯ ಸೇರಿಗೆ ಅನ್ವಯಿಸುವ ಈ ಮಾತು ಕರಾರಿನ ಪದಕ್ಕೂ ಅನ್ವಯಿಸುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಠೇವಣಿಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಅದನ್ನೇ ಕೊಟ್ಟು ಕಳುಹಿಸುವುದು ಎಂದು ಪೂಜ್ಯಪಾದರ ವಿವರಣೆ. ಅವನು ಕೇಳಿದ್ದನ್ನೇ ಕೊಟ್ಟಿದ್ದಾನೆ, ಆದರೂ ದೋಷಿ. ಏಕೆಂದರೆ ಎದುರಿನವನ ಮರೆವನ್ನು ತನ್ನ ಗಳಿಕೆ ಮಾಡಿಕೊಂಡ. ಪ್ರಕಾಶಕರು 2000ದಲ್ಲಿ ಒಂದು ಪದವನ್ನು ಕೇಳಿ ಬರೆಸಿಕೊಳ್ಳಲು ಮರೆತದ್ದನ್ನು ಕಂಪನಿ 2023ರಲ್ಲಿ ತನ್ನ ಗಳಿಕೆ ಮಾಡಿಕೊಳ್ಳಲು ಹೋಯಿತು.

ಇದನ್ನು ಬರೆಯುವಾಗ ನನ್ನ ಅನುಭವವೊಂದು ನೆನಪಾಗುತ್ತದೆ. ಒಂದು ಕಂಪನಿಯ ಮಾಲನ್ನು ನಾನು ಹನ್ನೊಂದು ವರ್ಷ ಮೂರು ತಾಲ್ಲೂಕುಗಳ ಅಂಗಡಿಗಳಿಗೆ ಪರಿಚಯಿಸಿ ಏಜೆನ್ಸಿಯನ್ನು ಬೆಳೆಸಿದ್ದೆ. ಒಂದು ದಿನ ಟಪಾಲಿನಲ್ಲಿ ನಾಲ್ಕು ಸಾಲಿನ ಪತ್ರ ಬಂದಿತು. ಕರಾರಿನ ಒಂದು ಕಲಮನ್ನು ಉದಾಹರಿಸಿ ಏಜೆನ್ಸಿಯನ್ನು ಮುಕ್ತಾಯಗೊಳಿಸಲಾಗಿತ್ತು. ವಕೀಲರು ಓದಿ, ಅವರ ಕಡೆ ತಪ್ಪಿಲ್ಲ ಎಂದರು. ಗೋದಾಮಿನಲ್ಲಿದ್ದ ಮಾಲಿನ ನಷ್ಟವನ್ನು ಎರಡು ವರ್ಷಗಳಲ್ಲಿ ತುಂಬಿಕೊಂಡೆ. ಕಲಮನ್ನು ಓದದೆ ಸಹಿ ಹಾಕಿದ ನನ್ನ ಪ್ರಮಾದವನ್ನು ಮಾತ್ರ ಇಂದಿಗೂ ಮರೆತಿಲ್ಲ.

ಅನೇಕಾಂತ ದೃಷ್ಟಿಯುಳ್ಳವರು ಕಂಪನಿಯ ವಾದವನ್ನೂ ಕೇಳಬೇಕು. ದ್ವೇಷ ಹರಡುವ ಪುಸ್ತಕಗಳು ತನ್ನ ಆಟದ ಆಶ್ರಯದಲ್ಲಿ ಬರಬಾರದು, ದೊಡ್ಡ ಉದ್ಯಮಗಳು ಸಣ್ಣವರಿಗೆಂದು ಬಿಟ್ಟ ದಾರಿಯಲ್ಲಿ ನುಗ್ಗಬಾರದು ಎಂದು ಅದು ಹೇಳಿತು. ಇವೆರಡೂ ಅನ್ಯಾಯದ ಮಾತುಗಳಲ್ಲ. ಆದರೆ ಮುಂದೆ ಕೊಡುವುದಕ್ಕೆ ನಿರ್ಬಂಧ ಹಾಕುವುದು ಬೇರೆ, ಹಿಂದೆ ಕೊಟ್ಟಿದ್ದನ್ನು ಕೊಟ್ಟೇ ಇಲ್ಲವೆನ್ನುವುದು ಬೇರೆ. ಪ್ರಕಾಶಕರ ಕಡೆಯಲ್ಲಿಯೂ ದೋಷವಿತ್ತು. ಪತ್ರವು ತಮಗೂ ಕೊಟ್ಟಿದ್ದ ಮೀಸಲಾತಿಯ ಸೌಲಭ್ಯವನ್ನು ಬಳಸಿ, ಕಂಪನಿಯ ನಿಯಮಗಳನ್ನು ಧಾರಾಳವಾಗಿ ಪಡೆದು ತಮ್ಮ ಹೊಸ ರಚನೆಯನ್ನು ಮುಚ್ಚಿಟ್ಟುಕೊಂಡವರು ಕೆಲವರಿದ್ದರು. ಪಡೆಯುವುದರಲ್ಲಿ ಉದಾರವಾದಿ, ಕೊಡುವುದರಲ್ಲಿ ಜಿಪುಣ ಎನಿಸಿಕೊಳ್ಳುವುದು ಅವರಿಗೂ ಶೋಭೆಯಲ್ಲ.

ಮುಂದಿನದು ಬೇಗ ನಡೆಯಿತು. ಜನವರಿ 12ರಂದು ಪೈಜೊ ತಾನು ಇತರ ಪ್ರಕಾಶಕರೊಂದಿಗೆ ಸೇರಿ, ಯಾವ ಒಂದು ಕಂಪನಿಯ ಕೈಯಲ್ಲೂ ಇರದ, ಹಿಂತೆಗೆಯಲಾಗದ ಬೇರೊಂದು ಪರವಾನಗಿಯನ್ನು ರಚಿಸುವುದಾಗಿ ಸಾರಿತು. ವಿಝರ್ಡ್ಸ್ ತಿದ್ದಿದ ಕರಡನ್ನು ಜನಾಭಿಪ್ರಾಯಕ್ಕೆ ಬಿಟ್ಟಾಗ 15 ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಅವರಲ್ಲಿ ಶೇಕಡಾ 89ರಷ್ಟು ಜನ ಹಳೆಯ ಪತ್ರದ ರದ್ದತಿಗೆ ಅಸಮಾಧಾನ ಸೂಚಿಸಿದರು. ಜನವರಿ 27ರಂದು ಕಂಪನಿ ಹಳೆಯ ಪತ್ರವನ್ನು ಮುಟ್ಟುವುದಿಲ್ಲವೆಂದು ಘೋಷಿಸಿ, ಸುಮಾರು 400 ಪುಟಗಳ ನಿಯಮಪಾಠವನ್ನು 'ಕ್ರಿಯೇಟಿವ್ ಕಾಮನ್ಸ್' ಪರವಾನಗಿಯಡಿ ಲೋಕಕ್ಕೆ ಬಿಟ್ಟಿತು. ಇದನ್ನು ಇನ್ನು ಯಾರೂ ಹಿಂತೆಗೆಯಲಾರರು; ಮೂಲದವರ ಹೆಸರನ್ನು ಹೇಳಿದರೆ ಸಾಕು. ಆದರೂ ನಂಬಿಕೆ ಮರಳಲಿಲ್ಲ. ಪೈಜೊ 2023ರ ನವೆಂಬರಿನಿಂದ ತನ್ನ ಮೂಲ ಪುಸ್ತಕಗಳನ್ನೇ ಹಳೆಯ ಪತ್ರದ ಸೋಂಕಿಲ್ಲದಂತೆ ಪುನಃ ಬರೆದು ಅಚ್ಚು ಹಾಕಿಸಿತು.

ಕೊನೆಯಲ್ಲಿ ಕೊಟ್ಟದ್ದು ಮೊದಲಿಗಿಂತ ದೊಡ್ಡದಾಗಿತ್ತು. ಆದರೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದ ತಾರತಮ್ಯವನ್ನು ಅಳೆಯಬೇಕೆಂಬುದು ಶಾಸ್ತ್ರಮತ. ಇಲ್ಲಿ ದ್ರವ್ಯ ಉತ್ತಮವಾದದ್ದೇ; ಕೊಟ್ಟ ವಿಧಿ ಮಾತ್ರ ಗ್ರಾಹಕರ ಕೋಪಕ್ಕೆ ಅಂಜಿದ್ದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗೆ ಯಾವ ಪತ್ರವೂ ಬೇಕಾಗಲಿಲ್ಲ. ಹಂಚಿದ ಮೇಲೆ ಆಕೆಯ ಕೈಯಲ್ಲಿ ಹಿಂತೆಗೆಯುವ ಹಿಡಿಯನ್ನೇ ಉಳಿಸಿಕೊಂಡಿರಲಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳು ಪೂಜಾಪುಸ್ತಕಗಳನ್ನು ಅಚ್ಚು ಹಾಕಿಸಲು ಅನುಮತಿ ಕೊಡುತ್ತವೆ, ಹಸ್ತಪ್ರತಿಗಳ ಛಾಯಾಪ್ರತಿಗೆ ಒಪ್ಪುತ್ತವೆ, ವಿದ್ವಾಂಸರ ಅನುವಾದವನ್ನು ಪಡೆದು ಪ್ರಕಟಿಸುತ್ತವೆ. ಇವುಗಳಲ್ಲಿ ಬಹುಪಾಲು ಬಾಯಿಮಾತಿನ ಮೇಲೆ ನಡೆಯುತ್ತದೆ. ಟ್ರಸ್ಟಿಗೆ ನಮ್ಮ ಭಾಷೆಯಲ್ಲಿರುವ ಹೆಸರು 'ನ್ಯಾಸ', ಅಂದರೆ ಪರರು ನಂಬಿ ಇಟ್ಟದ್ದು, ಎಂಬುದನ್ನು ಆಡಳಿತ ಮಂಡಳಿಗಳು ನೆನಪಿಡಬೇಕು. ಏನನ್ನು ಕೊಡುತ್ತೇವೆ, ಏನನ್ನು ಉಳಿಸಿಕೊಳ್ಳುತ್ತೇವೆ, ಮರಳಿ ಪಡೆಯುವ ಅಧಿಕಾರ ಉಂಟೋ ಇಲ್ಲವೋ ಎಂಬ ಮೂರನ್ನು ಬರೆದು, ಮುಂದಿನ ಮಂಡಳಿಗೂ ಅರ್ಥವಾಗುವಂತೆ ಠರಾವಿನಲ್ಲಿ ಸೇರಿಸಬೇಕು. ಪಡೆದವರ ಹೆಸರನ್ನು ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿಸಬೇಕು. ಮರಳಿ ಪಡೆಯುವ ಮನಸ್ಸು ನಮ್ಮಲ್ಲಿದ್ದರೆ ಅದನ್ನು ಕೊಡುವ ದಿನವೇ ಹೇಳೋಣ. ಆಗ ಎದುರಿನವನು ಎಷ್ಟು ನಂಬಬೇಕೋ ಅಷ್ಟನ್ನೇ ನಂಬಿ ತನ್ನ ಕೆಲಸವನ್ನು ಕಟ್ಟಿಕೊಳ್ಳುತ್ತಾನೆ.